ಅತಿಶೀತಲ ವಾಯುಸುರಂಗ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ಊರುಗಳಲ್ಲಿ ಯಾವ ಊರಿನ ಪಶು ಆಸ್ಪತ್ರೆಗೆ ಹೋದರೂ, ಕುತ್ತಿಗೆ ಕಿರಿದಾಗಿ ಹೊಟ್ಟೆ ದಪ್ಪವಾಗಿರುವ ಅಲ್ಯೂಮಿನಿಯಂ ಪಾತ್ರೆಯೊಂದು ಕಣ್ಣಿಗೆ ಬೀಳುತ್ತದೆ. ಹಸು ಎಮ್ಮೆಗಳ ಕೃತಕ ಗರ್ಭಧಾರಣೆಗೆ ಬೇಕಾದ ವೀರ್ಯವನ್ನು ಸಣ್ಣ ಸಣ್ಣ ನಳಿಕೆಗಳಲ್ಲಿ ತುಂಬಿ ಈ ಪಾತ್ರೆಯೊಳಗೆ ಇಳಿಬಿಟ್ಟಿರುತ್ತಾರೆ. ಮುಚ್ಚಳ ತೆಗೆದೊಡನೆ ಬಿಳಿಯ ಹೊಗೆಯಂತಹುದೊಂದು ಬಾಯಿಯಿಂದ ಉಕ್ಕಿ ಕೆಳಗಿಳಿಯುತ್ತದೆ. ಅದು ಹೊಗೆಯಲ್ಲ, ಸುತ್ತಲಿನ ಗಾಳಿಯಲ್ಲಿರುವ ನೀರಾವಿ ಚಳಿಗೆ ಸಿಕ್ಕಿ ಮಂಜಾಗಿರುವುದು. ಪಾತ್ರೆಯೊಳಗಿರುವ ದ್ರವವು ನಾವು ಉಸಿರಾಡುವ ಗಾಳಿಯ ಐದರಲ್ಲಿ ನಾಲ್ಕು ಪಾಲಾಗಿರುವ ಸಾರಜನಕವೇ. ಸೊನ್ನೆಗಿಂತ 196 ಡಿಗ್ರಿ ಸೆಂಟಿಗ್ರೇಡ್ ಕೆಳಗೆ, ಎಂದರೆ ನಿರಪೇಕ್ಷ ಮಾನದಲ್ಲಿ 77 ಕೆಲ್ವಿನ್ ಉಷ್ಣತೆಯಲ್ಲಿ, ಅದು ದ್ರವರೂಪ ತಳೆದು ನೀರಿನಂತೆ ಕುದಿಯುತ್ತಿರುತ್ತದೆ.

ನಮ್ಮ ರೈತರ ಕೊಟ್ಟಿಗೆಗೆ ಉಪಕಾರಿಯಾದ ಈ ದ್ರವವೇ ಆಕಾಶದಲ್ಲಿ ಹಾರುವ ದೊಡ್ಡ ವಿಮಾನಗಳ ರೆಕ್ಕೆಗಳನ್ನು ಪರೀಕ್ಷಿಸುವುದಕ್ಕೂ ಬೇಕಾಗುತ್ತದೆ ಎಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಅದು ಹೇಗೆ, ಏಕೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಒಬ್ಬ ವಿದ್ಯಾರ್ಥಿಯ ಪ್ರಶ್ನೆ

ಕೆಲವು ದಿನಗಳ ಹಿಂದೆ ನಮ್ಮ ಕಾಲೇಜಿನ ವಿದ್ಯಾರ್ಥಿಗಳೊಡನೆ ಕೂಡಿ ಹಲಗೆಯ ಒಂದು ಕೊಳವೆಯನ್ನೂ ಮೇಜಿನ ಫ್ಯಾನೊಂದನ್ನೂ ಬಳಸಿ ಪುಟ್ಟ ವಾಯುಸುರಂಗವೊಂದನ್ನು ಮಾಡಿದ್ದೆ. ವಿಮಾನವನ್ನು ಗಾಳಿಯಲ್ಲಿ ಹಾರಿಸುವುದಕ್ಕೆ ಬದಲಾಗಿ, ವಿಮಾನದ ಮಾದರಿಯನ್ನು ನಿಶ್ಚಲವಾಗಿ ನಿಲ್ಲಿಸಿ ಅದರ ಮೇಲೆ ಗಾಳಿಯನ್ನು ಹರಿಸಿದರೆ ಎರಡೂ ಒಂದೇ. ಹೀಗೆ ಗಾಳಿ ಹರಿಸುವ ಕೊಳವೆಗೆ ವಾಯುಸುರಂಗವೆಂದು ಹೆಸರು. ಮಾದರಿಯು ನಿಜವಾದ ವಿಮಾನದ ಇಪ್ಪತ್ತರಲ್ಲಿ ಒಂದು ಪಾಲಿನಷ್ಟಿದ್ದು ಆಕಾರದಲ್ಲಿ ಅದನ್ನೇ ಹೋಲುತ್ತಿದ್ದರೆ ಸಾಕು, ಫಲಿತಾಂಶವನ್ನು ನೇರವಾಗಿ ಗುಣಿಸಿಕೊಳ್ಳಬಹುದು ಎಂದು ನಾನು ಸರಾಗವಾಗಿ ಹೇಳಿಬಿಟ್ಟೆ. ಆಗ ಪಿರಿಯಾಪಟ್ಟಣದ ಕಡೆಯ ಒಬ್ಬ ಹುಡುಗ ಎದ್ದು ನಿಂತು, “ಸಾರ್, ವಿಮಾನವನ್ನು ನಾವು ಚಿಕ್ಕದು ಮಾಡಿದೆವು. ಆದರೆ ಗಾಳಿಯನ್ನು ಚಿಕ್ಕದು ಮಾಡಲಿಲ್ಲವಲ್ಲ?” ಎಂದು ಕೇಳಿದ.

ನನ್ನ ಮಾತು ತಪ್ಪಾಗಿತ್ತು; ಅವನ ಪ್ರಶ್ನೆ ಸರಿಯಾಗಿತ್ತು. ವಾಯುಯಾನ ವಿಜ್ಞಾನಿಗಳು ಅನೇಕ ದಶಕಗಳ ಕಾಲ ತಲೆ ಕೆಡಿಸಿಕೊಂಡುದೂ ಇದೇ ಪ್ರಶ್ನೆಯ ಬಗೆಗೆ.

ರೆನಾಲ್ಡ್ಸ್ ಸಂಖ್ಯೆ

ಹರಿಯುವ ವಸ್ತುವಿನ ಮೇಲೆ ಎರಡು ಪ್ರಭಾವಗಳು ಯಾವಾಗಲೂ ಹಣಾಹಣಿ ನಡೆಸುತ್ತಿರುತ್ತವೆ. ಒಂದು ಜಡತ್ವ: ಚಲಿಸುತ್ತಿರುವುದು ಚಲಿಸುತ್ತಲೇ ಇರಬೇಕೆನ್ನುವ ಗುಣ. ಇನ್ನೊಂದು ಸ್ನಿಗ್ಧತೆ: ಪಕ್ಕದ ಪದರವನ್ನು ಹಿಡಿದೆಳೆದು ನಿಧಾನಗೊಳಿಸುವ ಗುಣ. ಜೇನುತುಪ್ಪದಲ್ಲಿ ಸ್ನಿಗ್ಧತೆ ಹೆಚ್ಚು, ನೀರಿನಲ್ಲಿ ಕಡಿಮೆ, ಗಾಳಿಯಲ್ಲಿ ಮತ್ತೂ ಕಡಿಮೆ. ಸ್ನಿಗ್ಧತೆಯ ಕೈ ಮೇಲಾದರೆ ಪ್ರವಾಹವು ಪದರ ಪದರವಾಗಿ ಶಾಂತವಾಗಿ ಸಾಗುತ್ತದೆ. ಜಡತ್ವದ ಕೈ ಮೇಲಾದರೆ ಸುಳಿಗಳೆದ್ದು ಪ್ರಕ್ಷುಬ್ಧವಾಗುತ್ತದೆ. ಎಣ್ಣೆಯ ಗಿರಣಿಯಲ್ಲಿ ಡಬ್ಬಕ್ಕೆ ಇಳಿಯುವ ಹರಳೆಣ್ಣೆಯ ಧಾರೆಯನ್ನೂ, ಚುಂಚನಕಟ್ಟೆಯಲ್ಲಿ ಬಂಡೆಗಳ ಮೇಲೆ ಧುಮುಕುವ ಕಾವೇರಿಯನ್ನೂ ನೋಡಿದವರಿಗೆ ಈ ಭೇದವನ್ನು ಬೇರೆ ಹೇಳಬೇಕಾಗಿಲ್ಲ.

1883ರಲ್ಲಿ ಮ್ಯಾಂಚೆಸ್ಟರಿನ ಆಸ್‌ಬರ್ನ್ ರೆನಾಲ್ಡ್ಸ್ ಎಂಬ ಪ್ರಾಧ್ಯಾಪಕರು ಗಾಜಿನ ಕೊಳವೆಯಲ್ಲಿ ಹರಿಯುವ ನೀರಿಗೆ ಬಣ್ಣದ ಎಳೆಯೊಂದನ್ನು ಬಿಟ್ಟು, ಅದು ಯಾವಾಗ ನೇರವಾಗಿರುತ್ತದೆ, ಯಾವಾಗ ಕದಡಿಹೋಗುತ್ತದೆ ಎಂಬುದನ್ನು ಪರೀಕ್ಷಿಸಿದರು. ಪ್ರವಾಹದ ಸಾಂದ್ರತೆ, ವೇಗ, ವಸ್ತುವಿನ ಉದ್ದ ಈ ಮೂರನ್ನೂ ಗುಣಿಸಿ ಸ್ನಿಗ್ಧತೆಯಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಎಲ್ಲವನ್ನೂ ನಿರ್ಧರಿಸುತ್ತದೆ ಎಂಬುದು ಅದರಿಂದ ವಿದಿತವಾಯಿತು. ಇದಕ್ಕೆ ರೆನಾಲ್ಡ್ಸ್ ಸಂಖ್ಯೆಯೆಂದು ಹೆಸರು. ಒಂದೇ ಆಕಾರದ ಎರಡು ವಸ್ತುಗಳು, ಒಂದು ದೊಡ್ಡದು ಒಂದು ಚಿಕ್ಕದು, ಸಮಾನವಾದ ರೆನಾಲ್ಡ್ಸ್ ಸಂಖ್ಯೆಯನ್ನು ಹೊಂದಿದ್ದರೆ ಅವುಗಳ ಸುತ್ತಲಿನ ಪ್ರವಾಹವೂ ಒಂದೇ ಚಿತ್ರದ ಹಿರಿದು ಕಿರಿದಾದ ಪ್ರತಿಗಳಂತೆ ಇರುತ್ತದೆ. ಸಂಖ್ಯೆ ಬೇರೆಯಾದರೆ ಚಿತ್ರವೂ ಬೇರೆಯಾಗುತ್ತದೆ.

ವೇಗವಾದ ವಿಮಾನಗಳಿಗೆ ಇದರ ಜೊತೆಗೆ ಇನ್ನೊಂದು ಸಂಖ್ಯೆಯೂ ಹೊಂದಬೇಕು. ಅದು ಮ್ಯಾಕ್ ಸಂಖ್ಯೆ, ಎಂದರೆ ಪ್ರವಾಹದ ವೇಗವು ಶಬ್ದವೇಗದ ಎಷ್ಟು ಪಾಲು ಎಂಬುದು. ಇಂದಿನ ಪ್ರಯಾಣಿಕ ವಿಮಾನಗಳು ಶಬ್ದವೇಗದ ಹತ್ತರಲ್ಲಿ ಎಂಟು ಪಾಲು ವೇಗದಲ್ಲಿ, ಎಂದರೆ ಮ್ಯಾಕ್ ಸಂಖ್ಯೆ 0.8ರ ಆಸುಪಾಸಿನಲ್ಲಿ, ಹಾರುತ್ತವೆ. ಆಗ ರೆಕ್ಕೆಯ ಮೇಲ್ಭಾಗದಲ್ಲಿ ಗಾಳಿಯ ವೇಗ ಹೆಚ್ಚಿ, ಕೆಲವೆಡೆ ಶಬ್ದವೇಗವನ್ನು ಮೀರಿ, ಆಮೇಲೆ ಹಠಾತ್ತನೆ ಇಳಿಯುತ್ತದೆ. ಈ ಹಠಾತ್ ಇಳಿತವೇ ಆಘಾತ ತರಂಗ.

ಮಾದರಿ ಮೋಸ ಮಾಡಿದಾಗ

ಈಗ ಲೆಕ್ಕ ಮಾಡಿ ನೋಡೋಣ. ರೆಕ್ಕೆಯ ಅಗಲ 6 ಮೀಟರಿರುವ ಒಂದು ವಿಮಾನ 11 ಕಿಲೋಮೀಟರು ಎತ್ತರದಲ್ಲಿ ಮ್ಯಾಕ್ 0.8ರಲ್ಲಿ ಹಾರುತ್ತಿದೆಯೆಂದು ಊಹಿಸಿಕೊಳ್ಳಿ. ಅದರ ರೆನಾಲ್ಡ್ಸ್ ಸಂಖ್ಯೆ ಸುಮಾರು 3 ಕೋಟಿ 60 ಲಕ್ಷ. ಇದರ ಇಪ್ಪತ್ತರಲ್ಲೊಂದು ಪಾಲಿನ ಮಾದರಿಯ ರೆಕ್ಕೆಯ ಅಗಲ 30 ಸೆಂಟಿಮೀಟರು. ಅದನ್ನು ನಮ್ಮ ಕೋಣೆಯ ಉಷ್ಣತೆಯಲ್ಲಿ, ಎಂದರೆ 27 ಡಿಗ್ರಿ ಅಥವಾ 300 ಕೆಲ್ವಿನ್‌ನಲ್ಲಿ, ಸಾಮಾನ್ಯ ವಾತಾವರಣದ ಒತ್ತಡದಲ್ಲಿ, ಅದೇ ಮ್ಯಾಕ್ ಸಂಖ್ಯೆಯಲ್ಲಿ ಪರೀಕ್ಷಿಸಿದರೆ ಬರುವ ರೆನಾಲ್ಡ್ಸ್ ಸಂಖ್ಯೆ ಸುಮಾರು 54 ಲಕ್ಷ ಮಾತ್ರ. ಬೇಕಾದುದರ ಆರರಲ್ಲಿ ಒಂದು ಪಾಲು ಕೂಡ ಇಲ್ಲ!

ಇದರಿಂದ ಆಗುವ ಕೇಡೇನು? ರೆಕ್ಕೆಗೆ ತಾಗಿಕೊಂಡು ತೆಳುವಾದ ಗಾಳಿಯ ಪದರವೊಂದು ನಿಧಾನವಾಗಿ ಸಾಗುತ್ತಿರುತ್ತದೆ. ಇದಕ್ಕೆ ಸೀಮಾಪದರವೆಂದು ಕರೆಯಬಹುದು. ರೆನಾಲ್ಡ್ಸ್ ಸಂಖ್ಯೆ ಕಡಿಮೆಯಿದ್ದರೆ ಇದು ರೆಕ್ಕೆಯ ಗಾತ್ರಕ್ಕೆ ಹೋಲಿಸಿದಾಗ ದಪ್ಪವಾಗಿರುತ್ತದೆ; ಹೆಚ್ಚಾಗಿದ್ದರೆ ತೆಳುವಾಗುತ್ತದೆ. ಆಘಾತ ತರಂಗವು ಈ ಪದರದ ಮೇಲೆ ಕಾಲೂರಿ ನಿಲ್ಲುವುದರಿಂದ, ಪದರದ ದಪ್ಪ ಬದಲಾದರೆ ತರಂಗ ನಿಲ್ಲುವ ಸ್ಥಳವೇ ಬದಲಾಗುತ್ತದೆ.

ಇದು ಬರಿಯ ಊಹೆಯಲ್ಲ. ಅಮೆರಿಕದ ಲಾಕ್‌ಹೀಡ್ ಕಂಪನಿಯು ನಿರ್ಮಿಸಿದ ಸಿ-141 ಎಂಬ ದೊಡ್ಡ ಸಾಗಣೆ ವಿಮಾನವು 1963ರ ಡಿಸೆಂಬರಿನಲ್ಲಿ ಮೊದಲು ಹಾರಿತು. ಹಾರಾಟದಲ್ಲಿ ಅಳತೆ ಮಾಡಿ ನೋಡಿದಾಗ ರೆಕ್ಕೆಯ ಮೇಲಿನ ಆಘಾತ ತರಂಗವು ವಾಯುಸುರಂಗದ ಮಾದರಿ ತೋರಿಸಿದ್ದ ಸ್ಥಳದಲ್ಲಿರದೆ ಬಹಳ ಹಿಂದಕ್ಕೆ ಸರಿದಿತ್ತು. ಅದರೊಡನೆ ರೆಕ್ಕೆಯ ಮೇಲೆ ಬೀಳುವ ಬಲದ ಹಂಚಿಕೆಯೂ, ವಿಮಾನದ ಮೂತಿಯನ್ನು ಬಗ್ಗಿಸುವ ಅಥವಾ ಎತ್ತುವ ಪ್ರವೃತ್ತಿಯೂ ಬೇರೆಯಾಗಿದ್ದವು. ರೆಕ್ಕೆ ಎಷ್ಟು ಗಟ್ಟಿಯಾಗಿರಬೇಕು, ಬಾಲದ ಭಾಗ ಎಷ್ಟು ದೊಡ್ಡದಾಗಿರಬೇಕು ಎಂಬುದೆಲ್ಲ ಇಂಥ ಅಂಕಿಗಳನ್ನೇ ಅವಲಂಬಿಸಿದೆ. ವಿಮಾನದೊಳಗೆ ಕುಳಿತವರ ಪ್ರಾಣ ಆ ಅಂಕಿಗಳ ಕೈಯಲ್ಲಿದೆ ಎಂದರೆ ಅತಿಶಯೋಕ್ತಿಯಲ್ಲ.

ಉಪಾಯಗಳು

ರೆನಾಲ್ಡ್ಸ್ ಸಂಖ್ಯೆಯನ್ನು ಹೆಚ್ಚಿಸಲು ಏನು ಮಾಡಬಹುದು? ಮಾದರಿಯನ್ನೇ ದೊಡ್ಡದು ಮಾಡಬಹುದು. ಆದರೆ ಸುರಂಗವೂ ಅದಕ್ಕೆ ತಕ್ಕಂತೆ ದೊಡ್ಡದಾಗಿ, ಗಾಳಿ ನೂಕುವ ಯಂತ್ರದ ಸಾಮರ್ಥ್ಯ ಅಸಾಧ್ಯವಾಗಿ ಬೆಳೆಯುತ್ತದೆ. ಗಾಳಿಗೆ ಬದಲು ತೂಕವಾದ ಬೇರೊಂದು ಅನಿಲವನ್ನು ಹರಿಸಬಹುದು. ಆದರೆ ಅಂಥ ಅನಿಲಗಳಲ್ಲಿ ಆಘಾತ ತರಂಗದ ವರ್ತನೆ ಗಾಳಿಯಲ್ಲಿರುವಂತೆಯೇ ಇರುವುದಿಲ್ಲ. ಮೂರನೆಯದು ಗಾಳಿಯನ್ನು ಒತ್ತಿ ಸಾಂದ್ರಗೊಳಿಸುವುದು. ಇದು ಬಹಳವಾಗಿ ರೂಢಿಯಲ್ಲಿರುವ ಮಾರ್ಗ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1967ರಿಂದ ಕೆಲಸ ಮಾಡುತ್ತಿರುವ 1.2 ಮೀಟರು ಚದರದ ವಾಯುಸುರಂಗವು, ದೊಡ್ಡ ತೊಟ್ಟಿಗಳಲ್ಲಿ ಒತ್ತಿ ತುಂಬಿಟ್ಟ ಗಾಳಿಯನ್ನು ಸ್ವಲ್ಪ ಹೊತ್ತು ರಭಸದಿಂದ ಬಿಟ್ಟು ಪರೀಕ್ಷೆ ನಡೆಸುವಂಥದು. ನಮ್ಮ ತೇಜಸ್ ಯುದ್ಧವಿಮಾನದ ಮಾದರಿಗಳು ಪರೀಕ್ಷೆಗೊಳಗಾದುದು ಇಲ್ಲಿಯೇ. ಇದಕ್ಕೂ ಮೊದಲು, 1950ರ ದಶಕದಲ್ಲಿ, ಸತೀಶ್ ಧವನ್ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶಬ್ದಾತೀತ ವೇಗದ ಚಿಕ್ಕ ಸುರಂಗಗಳನ್ನು ಕಟ್ಟಿ ಈ ವಿದ್ಯೆಗೆ ನಮ್ಮ ನಾಡಿನಲ್ಲಿ ತಳಹದಿ ಹಾಕಿದ್ದರು.

ಒತ್ತಡ ಹೆಚ್ಚಿಸುವ ಮಾರ್ಗಕ್ಕೂ ಒಂದು ಮಿತಿಯುಂಟು. ಮೇಲಿನ ಉದಾಹರಣೆಯಲ್ಲಿ 54 ಲಕ್ಷವನ್ನು 3 ಕೋಟಿ 60 ಲಕ್ಷಕ್ಕೆ ಏರಿಸಬೇಕಾದರೆ ಒತ್ತಡವನ್ನು ಸುಮಾರು 6.7 ಪಟ್ಟು ಮಾಡಬೇಕು. ಆಗ ಮಾದರಿಯ ಮೇಲಿನ ಬಲವೂ ಅಷ್ಟೇ ಪಟ್ಟು ಹೆಚ್ಚಿ ರೆಕ್ಕೆ ಬಾಗುತ್ತದೆ, ತಿರುಚಿಕೊಳ್ಳುತ್ತದೆ. ಬಾಗಿದ ಮಾದರಿಯು ಮೂಲ ವಿಮಾನದ ಆಕಾರವನ್ನು ಉಳಿಸಿಕೊಂಡಿರುವುದಿಲ್ಲ. ಅದನ್ನು ಹಿಡಿದು ನಿಲ್ಲಿಸುವ ಕಂಬಿಯನ್ನು ದಪ್ಪ ಮಾಡಿದರೆ ಆ ಕಂಬಿಯೇ ಪ್ರವಾಹವನ್ನು ಕೆಡಿಸುತ್ತದೆ.

ಉಳಿದಿರುವುದು ನಾಲ್ಕನೆಯ ಉಪಾಯ: ಗಾಳಿಯನ್ನು ತಂಪು ಮಾಡುವುದು.

ತಂಪಾದರೆ ಅನಿಲ ತೆಳುವಾಗುತ್ತದೆ

ಇಲ್ಲಿ ವಿದ್ಯಾರ್ಥಿಗಳು ಒಂದು ಕ್ಷಣ ನಿಂತು ಯೋಚಿಸಬೇಕು. ತಂಪಾದಾಗ ಜೇನುತುಪ್ಪ ಗಟ್ಟಿಯಾಗುತ್ತದೆ, ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ. ಹೀಗಿರುವಲ್ಲಿ ತಂಪಾದ ಅನಿಲದ ಸ್ನಿಗ್ಧತೆ ಕಡಿಮೆಯಾಗುವುದು ಹೇಗೆ?

ಕಬಿನಿಯ ಹಿನ್ನೀರಿನಲ್ಲಿ ಎರಡು ಹರಿಗೋಲುಗಳು ಅಕ್ಕಪಕ್ಕದಲ್ಲಿ ಸಾಗುತ್ತಿವೆ, ಒಂದು ವೇಗವಾಗಿ, ಇನ್ನೊಂದು ನಿಧಾನವಾಗಿ, ಎಂದು ಭಾವಿಸಿ. ಎರಡರಲ್ಲಿಯೂ ಕುಳಿತವರು ಒಬ್ಬರಿಂದೊಬ್ಬರಿಗೆ ತೆಂಗಿನಕಾಯಿಗಳನ್ನು ಎಸೆದಾಡುತ್ತಿದ್ದಾರೆ. ವೇಗದ ಹರಿಗೋಲಿನಿಂದ ಬಂದ ಕಾಯಿ ತನ್ನೊಡನೆ ಮುನ್ನುಗ್ಗುವ ಚಲನೆಯನ್ನು ತಂದು ನಿಧಾನದ ಹರಿಗೋಲನ್ನು ಸ್ವಲ್ಪ ಮುಂದೆ ತಳ್ಳುತ್ತದೆ. ನಿಧಾನದ ಹರಿಗೋಲಿನಿಂದ ಹೋದ ಕಾಯಿ ವೇಗದ ಹರಿಗೋಲನ್ನು ಸ್ವಲ್ಪ ತಡೆಯುತ್ತದೆ. ಎರಡೂ ಒಂದನ್ನೊಂದು ಮುಟ್ಟದಿದ್ದರೂ ಅವುಗಳ ನಡುವೆ ಘರ್ಷಣೆಯಿದ್ದಂತೆಯೇ ಆಗುತ್ತದೆ. ಅನಿಲದ ಪದರಗಳ ನಡುವೆ ತೆಂಗಿನಕಾಯಿಯ ಕೆಲಸವನ್ನು ಅಣುಗಳು ಮಾಡುತ್ತವೆ. ಅನಿಲ ತಣ್ಣಗಾದಷ್ಟೂ ಅಣುಗಳ ಓಡಾಟದ ವೇಗ ಕುಗ್ಗಿ ಈ ವಿನಿಮಯ ಮಂದವಾಗುತ್ತದೆ. ಆದುದರಿಂದ ಸ್ನಿಗ್ಧತೆಯೂ ಇಳಿಯುತ್ತದೆ. ದ್ರವಗಳಲ್ಲಿಯಾದರೋ ಅಣುಗಳು ಒಂದಕ್ಕೊಂದು ಅಂಟಿಕೊಂಡಂತಿರುತ್ತವೆ. ಚಳಿಯಲ್ಲಿ ಆ ಹಿಡಿತ ಬಿಗಿಯಾಗುತ್ತದೆ. ಭೇದವಿರುವುದು ಇಲ್ಲಿ.

ಸಾರಜನಕವನ್ನು 300ರಿಂದ 100 ಕೆಲ್ವಿನ್‌ಗೆ, ಎಂದರೆ ಸೊನ್ನೆಗಿಂತ 173 ಡಿಗ್ರಿ ಕೆಳಕ್ಕೆ, ಇಳಿಸಿದೆವೆನ್ನೋಣ. ಒತ್ತಡ ಬದಲಾಗದಿದ್ದರೆ ಸಾಂದ್ರತೆ 3 ಪಟ್ಟಾಗುತ್ತದೆ. ಸ್ನಿಗ್ಧತೆ ಸುಮಾರು 2.6ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಶಬ್ದವೇಗವು ನಿರಪೇಕ್ಷ ಉಷ್ಣತೆಯ ವರ್ಗಮೂಲವನ್ನು ಅನುಸರಿಸುವುದರಿಂದ ಸೆಕೆಂಡಿಗೆ 353 ಮೀಟರಿದ್ದುದು 204 ಮೀಟರಾಗುತ್ತದೆ. ಮ್ಯಾಕ್ ಸಂಖ್ಯೆ ಅಷ್ಟೇ ಇರಬೇಕಾದರೆ ಪ್ರವಾಹದ ವೇಗವನ್ನೂ 1.73ರಲ್ಲಿ ಒಂದು ಪಾಲಿಗೆ ಇಳಿಸಿದರೆ ಸಾಕು. 3ನ್ನು 2.6ರಿಂದ ಗುಣಿಸಿ 1.73ರಿಂದ ಭಾಗಿಸಿದರೆ ನಾಲ್ಕೂವರೆ ಬರುತ್ತದೆ. ನಮ್ಮ 54 ಲಕ್ಷವು ಬರಿಯ ಚಳಿಯಿಂದಲೇ 2 ಕೋಟಿ 40 ಲಕ್ಷವಾಯಿತು! ಇನ್ನು ಒತ್ತಡವನ್ನು ಒಂದೂವರೆ ಪಟ್ಟು ಮಾಡಿದರೆ ಬೇಕಾದ 3 ಕೋಟಿ 60 ಲಕ್ಷ ದೊರೆತಂತೆಯೇ.

ಇದಕ್ಕಿಂತಲೂ ಸ್ವಾರಸ್ಯವಾದ ವಿಷಯವೊಂದಿದೆ. ಮಾದರಿಯ ಮೇಲೆ ಬೀಳುವ ಬಲವು ಸಾಂದ್ರತೆಯನ್ನೂ ವೇಗದ ವರ್ಗವನ್ನೂ ಅವಲಂಬಿಸಿದೆ. ಸಾಂದ್ರತೆ 3 ಪಟ್ಟಾಯಿತು. ವೇಗದ ವರ್ಗ 3ರಲ್ಲಿ ಒಂದು ಪಾಲಾಯಿತು. ಎರಡೂ ಸರಿಹೋಗಿ, ತಂಪು ಮಾಡಿದುದರಿಂದ ಬಲವು ಸ್ವಲ್ಪವೂ ಹೆಚ್ಚುವುದಿಲ್ಲ. ಹೀಗೆ ಮ್ಯಾಕ್ ಸಂಖ್ಯೆ, ರೆನಾಲ್ಡ್ಸ್ ಸಂಖ್ಯೆ, ಮಾದರಿಯ ಮೇಲಿನ ಬಲ ಈ ಮೂರನ್ನೂ ಒಂದನ್ನು ಬಿಟ್ಟು ಒಂದನ್ನು ಬದಲಿಸಿ ನೋಡುವ ಸೌಕರ್ಯ ಒದಗುತ್ತದೆ. ಕಂಡ ವ್ಯತ್ಯಾಸವು ರೆಕ್ಕೆ ಬಾಗಿದುದರಿಂದ ಬಂದುದೋ ಸೀಮಾಪದರ ಬದಲಾದುದರಿಂದ ಬಂದುದೋ ಎಂದು ಆಗ ತೀರ್ಮಾನಿಸಬಹುದು.

ಇತಿಹಾಸ

ಸುರಂಗದ ಅನಿಲವನ್ನು ತಂಪು ಮಾಡಿದರೆ ಲಾಭವಿದೆಯೆಂದು ಇಂಗ್ಲೆಂಡಿನ ಫಾರ್ನ್‌ಬರೋ ಕೇಂದ್ರದ ಆರ್. ಸ್ಮೆಲ್ಟ್ ಎಂಬವರು 1945ರಲ್ಲಿಯೇ ತೋರಿಸಿದ್ದರು. ಆದರೆ ಆ ಕಾಲದಲ್ಲಿ ಅಷ್ಟು ದೊಡ್ಡ ಪ್ರಮಾಣದಲ್ಲಿ ತಂಪು ಮಾಡುವ ಸಾಧನಗಳಾಗಲಿ, ಆ ಚಳಿಯನ್ನು ತಾಳುವ ಲೋಹಗಳ ಬಳಕೆಯಾಗಲಿ ಸುಲಭವಾಗಿರಲಿಲ್ಲ. 1971ರಲ್ಲಿ ಅಮೆರಿಕದ ಲ್ಯಾಂಗ್ಲಿ ಸಂಶೋಧನ ಕೇಂದ್ರದಲ್ಲಿ ರಾಬರ್ಟ್ ಕಿಲ್ಗೋರ್ ಮತ್ತು ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯದಿಂದ ಬಂದಿದ್ದ ಮೈಕೇಲ್ ಗುಡ್‌ಯರ್ ಇವರೂ ಇವರ ಸಂಗಡಿಗರೂ ಈ ವಿಚಾರವನ್ನು ಮತ್ತೆ ಕೈಗೆತ್ತಿಕೊಂಡರು. ಮೊದಲು ಕಡಿಮೆ ವೇಗದ ಒಂದು ಸಣ್ಣ ಸುರಂಗ, ಆಮೇಲೆ 1973ರಲ್ಲಿ 0.3 ಮೀಟರು ಅಳತೆಯ ಶಬ್ದವೇಗದ ಸಮೀಪದ ಸುರಂಗ ಕೆಲಸ ಮಾಡತೊಡಗಿದವು. ಇವುಗಳ ಯಶಸ್ಸಿನಿಂದ ಧೈರ್ಯ ತಳೆದು 1980ರ ದಶಕದಲ್ಲಿ ಅದೇ ಕೇಂದ್ರದಲ್ಲಿ 2.5 ಮೀಟರು ಚದರದ ಮಹಾಸುರಂಗವನ್ನು ಸಿದ್ಧಗೊಳಿಸಿದರು. ಯುರೋಪಿನಲ್ಲಿ ಜರ್ಮನಿ, ಫ್ರಾನ್ಸ್, ಇಂಗ್ಲೆಂಡ್, ನೆದರ್‌ಲ್ಯಾಂಡ್ಸ್ ದೇಶಗಳು ಒಟ್ಟುಗೂಡಿ ಕಲೋನ್ ನಗರದಲ್ಲಿ 2.4 ಮೀಟರು ಅಗಲ 2 ಮೀಟರು ಎತ್ತರದ ಸುರಂಗವನ್ನು 1990ರ ದಶಕದಲ್ಲಿ ಬಳಕೆಗೆ ತಂದವು.

ರಚನೆ

ಅತಿಶೀತಲ ಸುರಂಗವು ಒಂದು ಮುಚ್ಚಿದ ಉಂಗುರದಂತಿರುತ್ತದೆ. ಬೆಲೆ ತೆತ್ತು ತಂಪು ಮಾಡಿದ ಅನಿಲವನ್ನು ಒಮ್ಮೆ ಬಳಸಿ ಹೊರಗೆ ಚೆಲ್ಲುವಂತಿಲ್ಲವಾದುದರಿಂದ ಅದನ್ನೇ ಮತ್ತೆ ಮತ್ತೆ ಸುತ್ತಿಸಬೇಕು. ಉಂಗುರದ ಒಂದು ಕಡೆ ಭಾರಿ ಫ್ಯಾನು. ಅದರ ಮುಂದಿನ ಅಗಲವಾದ ಭಾಗದಲ್ಲಿ ಜೇನುಗೂಡಿನಂಥ ಕಿಂಡಿಗಳೂ ಬಲೆಗಳೂ ಇದ್ದು, ಸುಳಿಗಳನ್ನು ಅಡಗಿಸುತ್ತವೆ. ಆಮೇಲೆ ಕೊಳವೆ ಕಿರಿದಾಗಿ, ವೇಗ ಹೆಚ್ಚಿ, ಪ್ರವಾಹವು ಮಾದರಿಯಿರುವ ಪರೀಕ್ಷಾ ಕೋಣೆಯನ್ನು ಹೊಗುತ್ತದೆ. ಅಲ್ಲಿಂದ ಮುಂದೆ ಕೊಳವೆ ನಿಧಾನವಾಗಿ ಅಗಲವಾಗುತ್ತ ಫ್ಯಾನಿಗೆ ಹಿಂದಿರುಗುತ್ತದೆ. ಫ್ಯಾನಿನ ಸ್ವಲ್ಪ ಹಿಂದೆ ಸಾಲುಸಾಲಾದ ಸಣ್ಣ ಮೂತಿಗಳಿಂದ ದ್ರವ ಸಾರಜನಕವನ್ನು ತುಂತುರಾಗಿ ಸಿಂಪಡಿಸುತ್ತಾರೆ. ತುಂತುರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಹೊಸದಾಗಿ ಬಂದ ಅನಿಲದಷ್ಟೇ ಹಳೆಯ ಅನಿಲವನ್ನು ಕವಾಟದ ಮೂಲಕ ಎತ್ತರದ ಚಿಮಣಿಗೆ ಬಿಡುತ್ತಾರೆ.

ಲೋಹಗಳ ಆಯ್ಕೆ ಕಠಿಣವಾದ ಸಮಸ್ಯೆ. ನೇಗಿಲಿಗೂ ಸೇತುವೆಗೂ ಬಳಸುವ ಸಾಮಾನ್ಯ ಉಕ್ಕು ಈ ಚಳಿಯಲ್ಲಿ ಗಾಜಿನಂತೆ ಪೆಡಸಾಗಿ ಒಂದೇ ಪೆಟ್ಟಿಗೆ ಒಡೆಯುತ್ತದೆ. ನಿಕ್ಕಲ್ ಬೆರೆತ ಸ್ಟೇನ್‌ಲೆಸ್ ಉಕ್ಕು, ಅಲ್ಯೂಮಿನಿಯಂ ಮುಂತಾದುವು ಹಾಗಾಗುವುದಿಲ್ಲ. ನಮ್ಮ ಪಶು ಆಸ್ಪತ್ರೆಯ ಪಾತ್ರೆ ಅಲ್ಯೂಮಿನಿಯಮ್ಮಿನದಾಗಿರುವುದಕ್ಕೆ ಇದೂ ಒಂದು ಕಾರಣ. ಇದಲ್ಲದೆ 200 ಡಿಗ್ರಿ ತಂಪಾದಾಗ ಸ್ಟೇನ್‌ಲೆಸ್ ಉಕ್ಕು ಮೀಟರಿಗೆ ಸುಮಾರು 3 ಮಿಲಿಮೀಟರು ಕುಗ್ಗುತ್ತದೆ. 20 ಮೀಟರಿನ ಕೊಳವೆ 6 ಸೆಂಟಿಮೀಟರು ಗಿಡ್ಡವಾಗುತ್ತದೆ. ಆದಕಾರಣ ಅದನ್ನು ನೆಲಕ್ಕೆ ಬಿಗಿಯದೆ, ಜಾರುವ ಆಧಾರಗಳ ಮೇಲೆ ಕೂರಿಸುತ್ತಾರೆ. ಎರಡು ದೊಡ್ಡ ಸುರಂಗಗಳಲ್ಲಿಯೂ ಶಾಖನಿರೋಧಕ ಹೊದಿಕೆಯನ್ನು ಉಕ್ಕಿನ ಕವಚದ ಒಳಮೈಗೇ ಹಾಕಿದ್ದಾರೆ. ಹೀಗೆ ಮಾಡಿದರೆ ಸಾವಿರಾರು ಟನ್ ತೂಕದ ಕವಚವನ್ನು ಪ್ರತಿ ಸಲವೂ ತಂಪು ಮಾಡುವ ವೆಚ್ಚ ಉಳಿಯುತ್ತದೆ.

ಮಾದರಿಯ ಮೈ ಕನ್ನಡಿಯಂತೆ ನುಣುಪಾಗಿರಬೇಕು. ರೆನಾಲ್ಡ್ಸ್ ಸಂಖ್ಯೆ ಹೆಚ್ಚಿದಾಗ ಸೀಮಾಪದರ ತೆಳುವಾಗುವುದರಿಂದ, ಮೊದಲು ಲೆಕ್ಕಕ್ಕೆ ಬಾರದಿದ್ದ ಸಣ್ಣ ಗೀರು ಈಗ ಗುಡ್ಡದಂತೆ ಅಡ್ಡ ಬರುತ್ತದೆ.

ನಡೆಸುವ ಬಗೆ

ಸುರಂಗವನ್ನು ನಡೆಸುವುದು ಹೊಗೆಸೊಪ್ಪು ಹದ ಮಾಡುವ ಕೆಲಸವನ್ನು ಹೋಲುತ್ತದೆ. ಹುಣಸೂರು ಪಿರಿಯಾಪಟ್ಟಣಗಳ ರೈತರು ಬ್ಯಾರನ್‌ನಲ್ಲಿ ಎಲೆ ಏರಿಸಿದ ಮೇಲೆ ಒಮ್ಮೆಲೇ ಬೆಂಕಿ ಹೆಚ್ಚಿಸುವುದಿಲ್ಲ. ಎಲೆ ಹಳದಿಗೆ ತಿರುಗುವವರೆಗೆ ಮಂದವಾದ ಶಾಖ. ಅನಂತರ ಸ್ವಲ್ಪ ಸ್ವಲ್ಪವಾಗಿ ಏರಿಕೆ. ಕಿಂಡಿ ತೆರೆದು ತೇವ ಬಿಡುವುದು. ಕಡೆಗೆ ನಡುದಂಟು ಒಣಗಲು ಹೆಚ್ಚಿನ ಶಾಖ. ರಾತ್ರಿಯೆಲ್ಲ ಎದ್ದು ಉಷ್ಣಮಾಪಕವನ್ನು ನೋಡದಿದ್ದರೆ ಬೆಳೆಯೆಲ್ಲ ಹಾಳು. ಇಲ್ಲಿ ನಡೆಯುವುದು ಅದರ ವಿರುದ್ಧ ದಿಕ್ಕಿನ ಪಯಣ, ಶಾಖಕ್ಕೆ ಬದಲಾಗಿ ಚಳಿ.

ಮೊದಲು ಒಣ ಸಾರಜನಕವನ್ನು ಹರಿಸಿ ಒಳಗಿನ ತೇವವನ್ನೆಲ್ಲ ಹೊರದೂಡಬೇಕು. ಚೂರು ತೇವ ಉಳಿದರೂ ಅದು ಮಾದರಿಯ ಮೇಲೆ ಹಿಮದ ಹುಡಿಯಾಗಿ ಕೂತು ನುಣುಪನ್ನು ಕೆಡಿಸುತ್ತದೆ. ಬಳಿಕ ಫ್ಯಾನನ್ನು ನಿಧಾನವಾಗಿ ತಿರುಗಿಸುತ್ತ ದ್ರವವನ್ನು ಸ್ವಲ್ಪ ಸ್ವಲ್ಪವಾಗಿ ಸಿಂಪಡಿಸಬೇಕು. ಅವಸರ ಮಾಡಿದರೆ ಲೋಹದ ಒಂದು ಭಾಗ ಕುಗ್ಗಿ, ಇನ್ನೊಂದು ಭಾಗ ಕುಗ್ಗದೆ, ಬಿರುಕು ಬಿಡಬಹುದು.

ಪರೀಕ್ಷೆಯ ಸಮಯದಲ್ಲಿ ಮೂರು ಹಿಡಿಗಳು ಚಾಲಕನ ವಶದಲ್ಲಿರುತ್ತವೆ: ಫ್ಯಾನಿನ ವೇಗ, ದ್ರವದ ಕವಾಟ, ಹೊರಬಿಡುವ ಕವಾಟ. ಫ್ಯಾನು ಮ್ಯಾಕ್ ಸಂಖ್ಯೆಯನ್ನು, ದ್ರವ ಉಷ್ಣತೆಯನ್ನು, ಹೊರಕವಾಟ ಒತ್ತಡವನ್ನು ನಿಯಂತ್ರಿಸುತ್ತವೆ ಎಂದು ಮೇಲುನೋಟಕ್ಕೆ ತೋರುತ್ತದೆ. ವಾಸ್ತವವಾಗಿ ಮೂರೂ ಒಂದಕ್ಕೊಂದು ತೊಡರಿಕೊಂಡಿವೆ. ಫ್ಯಾನಿನ ವೇಗ ಹೆಚ್ಚಿಸಿದರೆ ಶಾಖ ಹೆಚ್ಚುತ್ತದೆ. ಅದನ್ನು ತಗ್ಗಿಸಲು ದ್ರವ ಬಿಟ್ಟರೆ ಅನಿಲದ ಪ್ರಮಾಣ ಹೆಚ್ಚಿ ಒತ್ತಡ ಏರುತ್ತದೆ. ಒತ್ತಡ ಇಳಿಸಲು ಕವಾಟ ತೆರೆದರೆ ಉಷ್ಣತೆ ಮತ್ತೆ ಅಲುಗುತ್ತದೆ. ಲ್ಯಾಂಗ್ಲಿಯ 0.3 ಮೀಟರು ಸುರಂಗಕ್ಕಾಗಿ ಈ ತೊಡಕನ್ನು ಗಣಿತದ ಸಮೀಕರಣಗಳಿಗೆ ಇಳಿಸಿದವರಲ್ಲಿ ಎಸ್. ಬಾಲಕೃಷ್ಣ ಎಂಬವರು ಪ್ರಮುಖರು. 1980ರಲ್ಲಿ ಪ್ರಕಟವಾದ ಅವರ ವರದಿಯು ಇಂಥ ಸುರಂಗಗಳನ್ನು ಕಂಪ್ಯೂಟರಿನಿಂದ ನಡೆಸುವುದಕ್ಕೆ ದಾರಿಯಾಯಿತು.

ಉಷ್ಣತೆಯನ್ನು ಎಷ್ಟು ಬೇಕಾದರೂ ಇಳಿಸುವಂತಿಲ್ಲ. ರೆಕ್ಕೆಯ ಮೇಲೆ ವೇಗ ಹೆಚ್ಚುವ ಕಡೆ ಅನಿಲ ತಾನಾಗಿಯೇ ಇನ್ನಷ್ಟು ತಂಪಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಎಲ್ಲಿಯಾದರೂ ವೇಗವು ಶಬ್ದವೇಗದ 1.3 ಪಟ್ಟಾದರೆ ಅಲ್ಲಿನ ಉಷ್ಣತೆ 100ರಿಂದ ಸುಮಾರು 84 ಕೆಲ್ವಿನ್‌ಗೆ ಇಳಿಯುತ್ತದೆ. ಇನ್ನೂ ತಂಪು ಮಾಡಿದರೆ ಸಾರಜನಕವೇ ಹನಿಗಟ್ಟಿ, ಅನಿಲದ ಪರೀಕ್ಷೆಗೆ ಬದಲು ಮಂಜಿನ ಪರೀಕ್ಷೆಯಾದೀತು.

ವೆಚ್ಚ

ಫ್ಯಾನು ಮಾಡಿದ ಕೆಲಸವೆಲ್ಲ ಕಡೆಗೆ ಶಾಖವಾಗುತ್ತದೆ. ಒಂದು ಕಿಲೋಗ್ರಾಮು ದ್ರವ ಸಾರಜನಕವು ಆವಿಯಾಗಿ 100 ಕೆಲ್ವಿನ್‌ಗೆ ಬರುವಾಗ ಸುಮಾರು 225 ಕಿಲೋಜೂಲು ಶಾಖವನ್ನು ಹೀರುತ್ತದೆ. ಫ್ಯಾನಿನ ಸಾಮರ್ಥ್ಯ 10 ಮೆಗಾವಾಟ್ ಆಗಿದ್ದರೆ ಸೆಕೆಂಡಿಗೆ ಸುಮಾರು 45 ಕಿಲೋಗ್ರಾಮು, ಎಂದರೆ 55 ಲೀಟರು ದ್ರವ ಬೇಕು. ಆಸ್ಪತ್ರೆಯ 35 ಲೀಟರಿನ ಪಾತ್ರೆ ಒಂದು ಸೆಕೆಂಡಿಗೂ ಸಾಲದು! ಹತ್ತು ನಿಮಿಷಕ್ಕೆ 27 ಟನ್ ಖರ್ಚಾಗುತ್ತದೆ. ಕಿಲೋಗ್ರಾಮಿಗೆ ಅರ್ಧ ಯೂನಿಟ್ ವಿದ್ಯುತ್ತೆಂದು ಹಿಡಿದರೂ ಇಷ್ಟು ದ್ರವವನ್ನು ತಯಾರಿಸಲು 13,500 ಯೂನಿಟ್ ಬೇಕು.

ಇದೇ ಸುರಂಗವನ್ನು ತಂಪು ಮಾಡದೆ 6.7 ಪಟ್ಟು ಒತ್ತಡದಲ್ಲಿ ನಡೆಸಿದ್ದರೆ ಫ್ಯಾನಿಗೆ ಸುಮಾರು 77 ಮೆಗಾವಾಟ್ ಬೇಕಾಗಿ, ಹತ್ತು ನಿಮಿಷಕ್ಕೆ 12,800 ಯೂನಿಟ್ ವೆಚ್ಚವಾಗುತ್ತಿತ್ತು. ಎರಡು ಲೆಕ್ಕಗಳೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ಲಾಭವೇನು? ಶಿವನಸಮುದ್ರದ ವಿದ್ಯುದಾಗಾರದ ಪೂರ್ಣ ಸಾಮರ್ಥ್ಯವೇ 42 ಮೆಗಾವಾಟ್. 77 ಮೆಗಾವಾಟಿನ ಯಂತ್ರವನ್ನು ಕಟ್ಟುವುದೂ, ಅಷ್ಟು ವಿದ್ಯುತ್ತನ್ನು ಹತ್ತು ನಿಮಿಷಕ್ಕಾಗಿ ಒಮ್ಮೆಲೇ ಸೆಳೆಯುವುದೂ ಎಷ್ಟು ಕಷ್ಟವೆಂಬುದು ಇದರಿಂದ ವೇದ್ಯವಾಗುತ್ತದೆ. ದ್ರವ ಸಾರಜನಕವನ್ನಾದರೋ 24 ಗಂಟೆಗಳಲ್ಲಿ ನಿಧಾನವಾಗಿ, ಸುಮಾರು 560 ಕಿಲೋವಾಟಿನ ಯಂತ್ರದಿಂದ ತಯಾರಿಸಿ ತೊಟ್ಟಿಯಲ್ಲಿ ಕೂಡಿಡಬಹುದು. ಆದುದರಿಂದ ಇಲ್ಲಿಯ ಉಳಿತಾಯ ಶಕ್ತಿಯದಲ್ಲ, ಯಂತ್ರದ ಗಾತ್ರದ್ದು. ಮಾದರಿ ಬಾಗದೆ ಉಳಿಯುವುದು ಅದರ ಮೇಲಿನ ಲಾಭ.

ಕಾಣದ ಅಪಾಯ

ಒಂದು ಲೀಟರು ದ್ರವ ಸಾರಜನಕವು ಆವಿಯಾಗಿ ಕೋಣೆಯ ಉಷ್ಣತೆಗೆ ಬಂದಾಗ ಸುಮಾರು 700 ಲೀಟರು ಅನಿಲವಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ವಿಷವೂ ಅಲ್ಲ; ಆದರೆ ಆಮ್ಲಜನಕದ ಜಾಗವನ್ನು ಆಕ್ರಮಿಸಿಕೊಳ್ಳುತ್ತದೆ. ಉಸಿರುಗಟ್ಟಿದಂತೆ ನಮಗೆ ಅನ್ನಿಸುವುದು ಶ್ವಾಸಕೋಶದಲ್ಲಿ ಇಂಗಾಲಾಮ್ಲ ಹೆಚ್ಚಿದಾಗ. ಸಾರಜನಕ ತುಂಬಿದ ಕೋಣೆಯಲ್ಲಿ ಉಸಿರು ಸರಾಗವಾಗಿಯೇ ಆಡುತ್ತಿರುವುದರಿಂದ ಮನುಷ್ಯನಿಗೆ ಎಚ್ಚರಿಕೆಯೇ ಸಿಗದೆ ಪ್ರಜ್ಞೆ ತಪ್ಪುತ್ತದೆ. ಆದ್ದರಿಂದಲೇ ದೊಡ್ಡ ಸುರಂಗಗಳಲ್ಲಿ ಒಳಗೆ ಗಾಳಿ ತುಂಬಿ, ಆಮ್ಲಜನಕವನ್ನು ಅಳೆದು ನೋಡದೆ ಯಾರನ್ನೂ ಒಳಕ್ಕೆ ಬಿಡುವುದಿಲ್ಲ.

ಈ ನಿಯಮ ನಮ್ಮ ಊರಿನ ಪಾತ್ರೆಗೂ ಅನ್ವಯಿಸುತ್ತದೆ. ಅದನ್ನು ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಾಗಲಿ, ಗಾಜು ಏರಿಸಿದ ಕಾರಿನಲ್ಲಾಗಲಿ ಇಡಬಾರದು. ಅದರ ಮುಚ್ಚಳ ಸಡಿಲವಾಗಿರುವುದು ತಯಾರಿಕೆಯ ದೋಷವಲ್ಲ. ಆವಿ ಹೊರಹೋಗಲೆಂದೇ ಹಾಗೆ ಮಾಡಿರುತ್ತಾರೆ. ಬಿಗಿಯಾಗಿ ಮುಚ್ಚಿದರೆ ಪಾತ್ರೆ ಸಿಡಿಯಬಹುದು. ದ್ರವ ಚರ್ಮಕ್ಕೆ ತಗುಲಿ ನಿಂತರೆ ಬೆಂಕಿ ತಗುಲಿದಂತೆಯೇ ಗಾಯವಾಗುತ್ತದೆ. ತಂದೆಯವರೊಡನೆ ಹಸುವನ್ನು ಹೊಡೆದುಕೊಂಡು ಆಸ್ಪತ್ರೆಗೆ ಹೋಗುವ ಹುಡುಗರು ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಆ ಪಿರಿಯಾಪಟ್ಟಣದ ವಿದ್ಯಾರ್ಥಿಗೆ ಮಾರನೆಯ ವಾರ ನಾನು ಕೊಟ್ಟ ಉತ್ತರ ಇಷ್ಟು: ಗಾಳಿಯನ್ನು ಚಿಕ್ಕದು ಮಾಡುವುದು ಸಾಧ್ಯವಿದೆ, ಅದನ್ನು ತಂಪು ಮಾಡಿದರೆ ಮಾದರಿಯ ಅಳತೆಗೆ ಅದು ಹೊಂದಿಕೊಳ್ಳುತ್ತದೆ. ಅವನು ತೃಪ್ತನಾಗದೆ, 100ಕ್ಕೆ ಬದಲು 150 ಕೆಲ್ವಿನ್‌ನಲ್ಲಿ ನಡೆಸಿದರೆ ಒತ್ತಡ ಎಷ್ಟಿರಬೇಕು, ಸಾರಜನಕ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕಲು ಕುಳಿತ. 150 ಕೆಲ್ವಿನ್‌ನಲ್ಲಿ ಸಾರಜನಕದ ಸ್ನಿಗ್ಧತೆಯು 300ರಲ್ಲಿ ಇರುವುದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಎಂಬುದಷ್ಟನ್ನೇ ತಿಳಿಸಿದರೆ ಉಳಿದುದಕ್ಕೆಲ್ಲ ಮೇಲಿನ ವಿವರಣೆ ಸಾಕು. ವಾಚಕರೂ ಕಾಗದ ಪೆನ್ಸಿಲು ಹಿಡಿದು ಪ್ರಯತ್ನಿಸಬಹುದು.